ಡಬ್ಬಿ ಕೊಟ್ಟಿರಿ, ನೀರು ಕೊಟ್ಟಿರಾ?



ಹಸಿದವರಿಗೆ ಉಣಬಡಿಸುವುದು ಕರುಣೆಯ ಕಾರ್ಯಗಳಲ್ಲಿ ಮೊದಲನೆಯದೆಂದು ನಾವೆಲ್ಲ ಚಿಕ್ಕಂದಿನಲ್ಲಿ ಧರ್ಮೋಪದೇಶದ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೇವೆ. ಆದರೆ ಒಳ್ಳೆಯ ಮನಸ್ಸಿನಿಂದ ಕೊಟ್ಟ ಆಹಾರವೇ ಒಂದು ಹಸುಗೂಸನ್ನು ಆಸ್ಪತ್ರೆಯ ಮಂಚಕ್ಕೆ ತಲುಪಿಸಬಹುದೆಂಬ ಪಾಠವನ್ನು ನಾನು ಕಲಿತದ್ದು ಗುರುದೀಕ್ಷೆಯಾದ ಮೇಲೆ. ಅದೂ ನನ್ನದೇ ತಪ್ಪಿನಿಂದ.

ಆಗ ನಾನು ಮಲೆನಾಡಿನ ಒಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ತಿಂಗಳಿಗೊಮ್ಮೆ ಕಾಫಿ ತೋಟದ ಲೈನ್ ಮನೆಗಳ ಬಳಿ ಪೂಜೆ ಅರ್ಪಿಸಿ, ನಾಲ್ಕಾರು ಮನೆ ಕಂಡು ಬರುವುದು ವಾಡಿಕೆ. ಒಂದು ಮನೆಯಲ್ಲಿ ಎರಡೂವರೆ ತಿಂಗಳ ಹೆಣ್ಣುಕೂಸು. ಹಣ್ಣು ಕೊಯ್ಯುವ ಕಾಲವಾದ್ದರಿಂದ ತಾಯಿ ಆಗಲೇ ಕೆಲಸಕ್ಕೆ ಮರಳಿದ್ದಳು; ದಿನಗೂಲಿಯವಳಿಗೆ ಹೆರಿಗೆ ರಜೆ ಎಲ್ಲಿಯದು? ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದ ಅಜ್ಜಿ, "ಸ್ವಾಮಿ, ಇವಳಮ್ಮಂಗೆ ಹಾಲು ಸಾಲ್ತಿಲ್ಲ. ಒಂದು ಡಬ್ಬಿ ಹಾಲಿನ ಪುಡಿ ಕೊಡಿಸಿದ್ರೆ ಪುಣ್ಯ ಬರುತ್ತೆ" ಎಂದರು. ಮರುದಿನವೇ ಬಡವರ ಪೆಟ್ಟಿಗೆಯ ಹಣದಿಂದ ಪೇಟೆಯ ಮೆಡಿಕಲ್ ಶಾಪಿನಲ್ಲಿ ಒಂದು ಡಬ್ಬಿ, ಒಂದು ಬಾಟ್ಲಿ ಕೊಂಡು ಉಪದೇಶಿಯ ಕೈಯಲ್ಲಿ ಕಳುಹಿಸಿದೆ. ಆ ರಾತ್ರಿ ಸಮಾಧಾನದಿಂದ ನಿದ್ದೆ ಮಾಡಿದೆನೆಂದು ಹೇಳಬೇಕಾಗಿಲ್ಲ.

ಮೂರು ವಾರ ಕಳೆದಿರಲಿಲ್ಲ. ಮಗುವಿಗೆ ವಾಂತಿಭೇದಿಯಾಗಿ ಆಸ್ಪತ್ರೆಗೆ ಸೇರಿಸಿದ್ದಾರೆಂದು ಸುದ್ದಿ ಬಂತು. ಹೋಗಿ ನೋಡಿದರೆ ಕಣ್ಣು ಒಳಗೆ ಹೋಗಿತ್ತು, ನೆತ್ತಿ ಕುಸಿದಿತ್ತು, ಅಳಲೂ ಶಕ್ತಿಯಿರಲಿಲ್ಲ. ಆ ವಾರ್ಡಿನ ಹಿರಿಯ ನರ್ಸಮ್ಮ ನನ್ನನ್ನು ಹೊರಗೆ ಕರೆದು, ಡಬ್ಬಿ ಕೊಡಿಸಿದವರು ನೀವೇನಾ ಎಂದು ವಿಚಾರಿಸಿದರು. ಹೌದೆಂದೆ. "ಫಾದರ್, ಡಬ್ಬಿ ಕೊಟ್ಟಿರಿ. ನೀರು ಕೊಟ್ಟಿರಾ? ನೀರು ಕಾಯಿಸಲು ಸೌದೆ ಕೊಟ್ಟಿರಾ? ಆ ಡಬ್ಬಿ ಮುಗಿದ ಮೇಲೆ ಇನ್ನೊಂದನ್ನು ಕೊಟ್ಟಿರಾ?" ಎಂದರು. ಗದರಿಸಿ ಕೇಳಿದ್ದಲ್ಲ, ಸುಸ್ತಾದ ದನಿಯಲ್ಲಿ ಕೇಳಿದ್ದು. ನನ್ನಲ್ಲಿ ಉತ್ತರವಿರಲಿಲ್ಲ.

ದೇವರ ದಯದಿಂದಲೂ ಆ ನರ್ಸಮ್ಮನ ಆರೈಕೆಯಿಂದಲೂ ಮಗು ಬದುಕಿತು. ಆಮೇಲೆ ವಿಚಾರಿಸಿದಾಗ ತಿಳಿದುಬಂದ ಲೆಕ್ಕ ಇದು. ಆ ವಯಸ್ಸಿನ ಮಗುವಿಗೆ ಡಬ್ಬಿಯ ಹಾಲನ್ನೇ ಕೊಡುವುದಾದರೆ ದಿನಕ್ಕೆ ಸುಮಾರು 100 ಗ್ರಾಂ ಪುಡಿ ಬೇಕು. ಅಂದರೆ 400 ಗ್ರಾಮಿನ ಡಬ್ಬಿ ನಾಲ್ಕು ದಿನಕ್ಕೆ ಖಾಲಿ. ತಿಂಗಳಿಗೆ ಏಳೆಂಟು ಡಬ್ಬಿ. ನಾನು ಕೊಟ್ಟದ್ದು ಒಂದು. ಅಜ್ಜಿ ಅದನ್ನು ಎರಡು ವಾರಕ್ಕೂ ಮೇಲೆ ಎಳೆದಿದ್ದರು, ಸುಣ್ಣದ ತಿಳಿಯಂತೆ ನೀರು ಮಾಡಿ. ನೀರು ತೋಡಿನದು. ಬಾಟ್ಲಿಯನ್ನು ತೊಳೆಯುತ್ತಿದ್ದುದೂ ಅದೇ ನೀರಿನಲ್ಲಿ. ಡಬ್ಬಿಯ ಮೇಲಿನ ಬರಹ ಅಜ್ಜಿಗೆ ಓದಲು ಬಾರದು. ಅವರ ತಪ್ಪೇನು? ಸ್ವಾಮಿಗಳು ಕೊಟ್ಟ ವಸ್ತು, ಹಾಳುಮಾಡದೆ ಮಿತವಾಗಿ ಬಳಸಿದ್ದಾರೆ.

ಸನ್ನಿವೇಶವೆಂಬ ಮೂರನೆಯ ಮಾತು

ಸೆಮಿನರಿಯಲ್ಲಿ ನೀತಿಶಾಸ್ತ್ರ ಓದುವಾಗ ಸಂತ ಥಾಮಸ್ ಅಕ್ವಿನಾಸರಿಂದ ನಾವು ಒಂದು ವಿಚಾರ ಕಲಿಯುತ್ತೇವೆ. ಒಂದು ಕೆಲಸ ಒಳ್ಳೆಯದೋ ಕೆಟ್ಟದ್ದೋ ಎಂದು ತೂಗುವಾಗ ಮೂರನ್ನು ನೋಡಬೇಕು: ಮಾಡಿದ್ದು ಏನು, ಯಾವ ಉದ್ದೇಶದಿಂದ, ಯಾವ ಸನ್ನಿವೇಶದಲ್ಲಿ. ಪರೀಕ್ಷೆಯಲ್ಲಿ ಇದಕ್ಕೆ ಪೂರ್ತಿ ಅಂಕ ಪಡೆದವನು ನಾನು. ಆದರೂ ಡಬ್ಬಿ ಕೊಳ್ಳುವಾಗ ಮೊದಲ ಎರಡನ್ನಷ್ಟೇ ನೋಡಿದ್ದೆ. ಹಾಲಿನ ಪುಡಿ ವಿಷವಲ್ಲ. ಉದ್ದೇಶ ಒಳ್ಳೆಯದೇ. ತೋಡಿನ ನೀರು, ಒದ್ದೆ ಸೌದೆ, ದಿನಗೂಲಿ, ಓದು ಬಾರದ ಕಣ್ಣು, ಇವೆಲ್ಲ ಸೇರಿದ ಸನ್ನಿವೇಶವನ್ನು ನೋಡಿರಲಿಲ್ಲ.

ಆಮೇಲೆ ಈ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಆ ಲೈನ್ ಮನೆಯಲ್ಲಿ ನಡೆದದ್ದು ನಮ್ಮ ಮಲೆನಾಡಿನ ಕಥೆ ಮಾತ್ರವಲ್ಲ, ಅರ್ಧ ಪ್ರಪಂಚದ ಕಥೆ ಎಂದು ತಿಳಿದದ್ದು ಆಗ. ಜಗತ್ತಿನ ಆಹಾರ ವ್ಯವಸ್ಥೆ, ಆರೋಗ್ಯ ವ್ಯವಸ್ಥೆ ಎಂಬ ದೊಡ್ಡ ಮಾತುಗಳು ನಮಗೆ ದೂರದವೆಂದು ತೋರುತ್ತವೆ. ಒಂದು ಹಾಲಿನ ಡಬ್ಬಿಯನ್ನು ಕಾರ್ಖಾನೆಯಿಂದ ಮಗುವಿನ ಬಾಯಿಯ ತನಕ ಹಿಂಬಾಲಿಸಿದರೆ ಅವೆರಡೂ ನಮ್ಮ ಅಡುಗೆಮನೆಯಲ್ಲೇ ಸಂಧಿಸುವುದು ಕಾಣುತ್ತದೆ.

ಸಿಂಗಪುರದ ವೈದ್ಯೆ

ಡಬ್ಬಿಯ ಹುಟ್ಟು ಕೆಟ್ಟ ಉದ್ದೇಶದ್ದಲ್ಲ. 1867ರಲ್ಲಿ ಸ್ವಿಟ್ಜರ್ಲೆಂಡಿನ ವೆವೆ ಎಂಬ ಊರಿನಲ್ಲಿ ಹೆನ್ರಿ ನೆಸ್ಲೆ ಎಂಬಾತ ಹಾಲು, ಗೋದಿ, ಸಕ್ಕರೆ ಸೇರಿಸಿ ಮಕ್ಕಳ ಆಹಾರ ತಯಾರಿಸಿದ. ತಾಯಿಯ ಹಾಲು ದೊರಕದ ಮಕ್ಕಳು ಸಾಯುತ್ತಿದ್ದ ಕಾಲ ಅದು. ಅಂಥ ಮಕ್ಕಳಿಗೆ ಅದು ಆಸರೆಯಾಯಿತು. ಆದರೆ ತಾಯಿಯ ಹಾಲಿಲ್ಲದ ಮಕ್ಕಳು ಎಷ್ಟು ಮಂದಿ ಇದ್ದಾರು? ವ್ಯಾಪಾರ ಬೆಳೆಯಬೇಕಾದರೆ ಹಾಲಿರುವ ತಾಯಂದಿರೂ ಗಿರಾಕಿಗಳಾಗಬೇಕು. ತೊಡಕು ಇಲ್ಲಿಂದ ಶುರು.

ಇದನ್ನು ಮೊದಲೇ ಕಂಡು ಗಟ್ಟಿಯಾಗಿ ಹೇಳಿದವರಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆಯನ್ನು ನೆನೆಯಬೇಕು. ಜಮೈಕಾದಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಓದಿ, ಈಗ ಘಾನಾ ಎನಿಸಿರುವ ಗೋಲ್ಡ್ ಕೋಸ್ಟಿನಲ್ಲಿ ಕೆಲಸ ಮಾಡುತ್ತಿದ್ದಾಗ ಕೈಕಾಲು ಊದಿಕೊಂಡು ಸಾಯುವ ಮಕ್ಕಳನ್ನು ಆಕೆ ಕಂಡರು. ಇದೇನು ಕಾಯಿಲೆ ಎಂದು ಅಲ್ಲಿನ ತಾಯಂದಿರನ್ನೇ ಕೇಳಿದರು. ಅವರು ತಮ್ಮ ಗಾ ಭಾಷೆಯಲ್ಲಿ ಕ್ವಾಶಿಯೋರ್ಕರ್ ಎಂದರು: ಮುಂದಿನ ಮಗು ಹುಟ್ಟಿದಾಗ ಮೊಲೆ ಬಿಡಿಸಿಕೊಂಡ ಮಗುವಿಗೆ ಬರುವ ರೋಗ. 1935ರಲ್ಲಿ ಆಕೆ ಆ ಹೆಸರನ್ನೇ ವೈದ್ಯಕೀಯ ಪತ್ರಿಕೆಯಲ್ಲಿ ಬಳಸಿದರು. ಇಂದಿಗೂ ವೈದ್ಯರು ಬಳಸುವುದು ಆ ತಾಯಂದಿರು ಕೊಟ್ಟ ಹೆಸರನ್ನೇ. ರೋಗದ ಹೆಸರಿನಲ್ಲೇ ರೋಗದ ಕಾರಣವನ್ನು ಹೇಳಿದ ಆ ಹೆಂಗಸರ ತಿಳಿವು ಯಾವ ಪದವಿಗೆ ಕಡಿಮೆ?

ಮುಂದೆ ಡಾಕ್ಟರ್ ವಿಲಿಯಮ್ಸ್ ಮಲಯಕ್ಕೆ ವರ್ಗವಾಗಿ ಬಂದರು. ಅಲ್ಲಿ ಸಕ್ಕರೆ ಬೆರೆಸಿದ ಗಟ್ಟಿಹಾಲನ್ನು ಹಸುಗೂಸುಗಳಿಗೆ ಒಳ್ಳೆಯದೆಂದು ಮಾರುತ್ತಿದ್ದರು. ನರ್ಸುಗಳಂತೆ ಬಿಳಿ ಉಡುಪು ತೊಡಿಸಿದ ಹೆಂಗಸರನ್ನು ಬಾಣಂತಿಯರ ಬಳಿಗೆ ಕಳುಹಿಸುತ್ತಿದ್ದರು. ಬಿಳಿ ಉಡುಪು ತೊಟ್ಟವರು ಹೇಳಿದರೆ ಯಾರು ನಂಬುವುದಿಲ್ಲ? 1939ರಲ್ಲಿ ಸಿಂಗಪುರದ ರೋಟರಿ ಕ್ಲಬ್ಬಿನಲ್ಲಿ ಮಾತನಾಡಲು ಕರೆದಾಗ ಆಕೆ ತಮ್ಮ ಭಾಷಣಕ್ಕೆ ಇಟ್ಟ ಹೆಸರು 'ಹಾಲು ಮತ್ತು ಕೊಲೆ'. ಮಕ್ಕಳ ಆಹಾರದ ಬಗ್ಗೆ ಸುಳ್ಳು ಪ್ರಚಾರ ಮಾಡಿ ಸಾವಿಗೆ ಕಾರಣರಾಗುವವರನ್ನು ಕೊಲೆಗಾರರಂತೆಯೇ ಎಣಿಸಬೇಕೆಂಬುದು ಅದರ ತಾತ್ಪರ್ಯ. ಸಭೆಯಲ್ಲಿದ್ದವರು ವರ್ತಕರು, ಮಾತು ರುಚಿಸಿರಲಾರದು. ಯುದ್ಧ ಬಂತು, ಜಪಾನೀಯರು ಆಕೆಯನ್ನು ಚಾಂಗಿ ಸೆರೆಮನೆಯಲ್ಲಿಟ್ಟರು. ಬದುಕಿ ಹೊರಬಂದ ಮೇಲೆ 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಾಯಿ-ಮಕ್ಕಳ ವಿಭಾಗದ ಮೊದಲ ಮುಖ್ಯಸ್ಥೆಯಾದರು.

ಇಲ್ಲಿ ತಾಯಿಯ ಮೈಯ ಒಂದು ಗುಟ್ಟನ್ನು ಹೇಳಿಬಿಡಬೇಕು, ಏಕೆಂದರೆ ವ್ಯಾಪಾರವೆಲ್ಲ ಅದರ ಮೇಲೆಯೇ ನಿಂತಿದೆ. ಎದೆಹಾಲು ಕೊಡದಲ್ಲಿ ತುಂಬಿಟ್ಟ ನೀರಲ್ಲ, ಒರತೆ. ಮಗು ಚೀಪಿದಷ್ಟೂ ಊರುತ್ತದೆ, ಚೀಪದಿದ್ದರೆ ಬತ್ತುತ್ತದೆ. ಮೊದಲ ವಾರದಲ್ಲಿ ಯಾರೋ ಬಿಟ್ಟಿಯಾಗಿ ಒಂದು ಡಬ್ಬಿ ಕೊಡುತ್ತಾರೆನ್ನಿ. ಮಗು ಬಾಟ್ಲಿಯಿಂದ ಹೊಟ್ಟೆ ತುಂಬಿಸಿಕೊಂಡು ಮೊಲೆ ಚೀಪುವುದನ್ನು ಕಡಿಮೆ ಮಾಡುತ್ತದೆ. ಹಾಲು ಕಡಿಮೆಯಾಗುತ್ತದೆ. "ನೋಡಿದಿರಾ, ಹಾಲು ಸಾಲದು" ಎಂದು ಎಲ್ಲರೂ ಹೇಳುತ್ತಾರೆ. ಎರಡನೆಯ ಡಬ್ಬಿ ಬರುತ್ತದೆ. ಬಿಟ್ಟಿ ಡಬ್ಬಿ ಮುಗಿಯುವ ಹೊತ್ತಿಗೆ ಒರತೆ ಬತ್ತಿರುತ್ತದೆ; ಮೂರನೆಯದನ್ನು ಕೊಳ್ಳದೆ ವಿಧಿಯಿಲ್ಲ. ನನ್ನ ಡಬ್ಬಿಯೂ ಆ ಲೈನ್ ಮನೆಯಲ್ಲಿ ಇದನ್ನೇ ಮಾಡಿತ್ತು, ನಾನು ಮಾರಾಟಗಾರನಲ್ಲದಿದ್ದರೂ.

ಷೇರು ಹಿಡಿದ ಕನ್ಯಾಸ್ತ್ರೀಯರು

1974ರಲ್ಲಿ ಇಂಗ್ಲೆಂಡಿನ 'ವಾರ್ ಆನ್ ವಾಂಟ್' ಎಂಬ ಸಂಸ್ಥೆ ಮೈಕ್ ಮುಲ್ಲರ್ ಎಂಬವರು ಬರೆದ ಒಂದು ಕಿರುಪುಸ್ತಕ ಪ್ರಕಟಿಸಿತು. ಬಡ ದೇಶಗಳಲ್ಲಿ ಮಕ್ಕಳ ಹಾಲಿನ ಪುಡಿಯನ್ನು ಹೇಗೆ ಮಾರುತ್ತಾರೆ, ಅದರಿಂದ ಮಕ್ಕಳಿಗೆ ಏನಾಗುತ್ತಿದೆ ಎಂಬುದೇ ಅದರ ವಿಷಯ. ಸ್ವಿಟ್ಜರ್ಲೆಂಡಿನ ಒಂದು ಗುಂಪು ಅದನ್ನು ನೆಸ್ಲೆ ಮಕ್ಕಳನ್ನು ಕೊಲ್ಲುತ್ತದೆ ಎಂಬ ಅರ್ಥದ ಹೆಸರಿಟ್ಟು ಜರ್ಮನ್ ಭಾಷೆಯಲ್ಲಿ ತಂದಾಗ ಕಂಪನಿ ಮಾನನಷ್ಟದ ದಾವೆ ಹೂಡಿತು. 1976ರಲ್ಲಿ ತೀರ್ಪು ಬಂತು. ಆ ಹೆಸರು ತಪ್ಪೆಂದು ಗುಂಪಿನವರಿಗೆ ತಲಾ 300 ಫ್ರಾಂಕ್ ದಂಡ. ಆದರೆ ಕಂಪನಿಯು ತನ್ನ ಪ್ರಚಾರದ ರೀತಿಯನ್ನು ತಿದ್ದಿಕೊಳ್ಳಬೇಕೆಂದೂ ನ್ಯಾಯಾಧೀಶರು ಹೇಳಿದರು. ಗೆದ್ದವರು ಯಾರೆಂದು ಹೇಳುವುದು ಕಷ್ಟ.

ಅದೇ ವರ್ಷ ಅಮೆರಿಕದಲ್ಲಿ ನಡೆದದ್ದು ನಮ್ಮ ಓದುಗರಿಗೆ ಹೆಚ್ಚು ಹತ್ತಿರದ್ದು. ಒಹಾಯೋ ರಾಜ್ಯದ ಡೇಟನ್ನಿನ ಅಮೂಲ್ಯ ರಕ್ತದ ಭಗಿನಿಯರು ಎಂಬ ಕನ್ಯಾಸ್ತ್ರೀಯರ ಸಭೆಯ ಬಳಿ ಬ್ರಿಸ್ಟಲ್-ಮೈಯರ್ಸ್ ಎಂಬ ಕಂಪನಿಯ ಒಂದಿಷ್ಟು ಷೇರುಗಳಿದ್ದವು. ಆ ಕಂಪನಿಯೂ ಮಕ್ಕಳ ಹಾಲಿನ ಪುಡಿ ಮಾರುತ್ತಿತ್ತು. ಬೇರೆಯವರಾಗಿದ್ದರೆ ಷೇರು ಮಾರಿ ಕೈ ತೊಳೆದುಕೊಳ್ಳುತ್ತಿದ್ದರೇನೋ. ಈ ಸಿಸ್ಟರುಗಳು ಷೇರುದಾರರಾಗಿಯೇ ಪ್ರಶ್ನೆ ಕೇಳಿದರು: ನಮ್ಮ ಹಣದಿಂದ ಬಡ ದೇಶಗಳಲ್ಲಿ ನೀವು ಯಾರಿಗೆ, ಹೇಗೆ ಮಾರುತ್ತಿದ್ದೀರಿ? ಕೊಳ್ಳಲು ಶಕ್ತಿಯಿಲ್ಲದವರಿಗೆ, ಸರಿಯಾಗಿ ಬೆರೆಸಲು ಅನುಕೂಲವಿಲ್ಲದವರಿಗೆ ಮಾರುವುದಿಲ್ಲವೆಂಬಂತೆ ಕಂಪನಿ ಷೇರುದಾರರಿಗೆ ತಿಳಿಸಿತು. ಸಿಸ್ಟರುಗಳು ಅಷ್ಟಕ್ಕೆ ಬಿಡಲಿಲ್ಲ. ಹಲವು ದೇಶಗಳಿಂದ ಸಾಕ್ಷ್ಯ ತರಿಸಿ, ಷೇರುದಾರರಿಗೆ ತಪ್ಪು ಮಾಹಿತಿ ಕೊಟ್ಟಿದ್ದೀರೆಂದು 1976ರಲ್ಲಿ ನ್ಯಾಯಾಲಯಕ್ಕೆ ಹೋದರು. 1977ರಲ್ಲಿ ನ್ಯಾಯಾಧೀಶರು ದಾವೆಯನ್ನು ವಜಾ ಮಾಡಿದರು. ಇದರಿಂದ ಷೇರುದಾರರಾದ ನಿಮಗೇನು ನಷ್ಟ ಎಂಬುದು ಅವರ ವಾದದ ಸಾರ. ಕಾನೂನಿನ ದೃಷ್ಟಿಯಲ್ಲಿ ಸರಿಯಿರಬಹುದು. ನಷ್ಟವಾದದ್ದು ನ್ಯಾಯಾಲಯಕ್ಕೆ ಬರಲಾರದ ಮಕ್ಕಳಿಗೆ. ಸಿಸ್ಟರುಗಳು ಮೇಲ್ಮನವಿಗೆ ಮುಂದಾದರು. ಕೊನೆಗೆ 1978ರಲ್ಲಿ ರಾಜಿಯಾಗಿ ಕಂಪನಿ ತನ್ನ ಕೆಲವು ಮಾರಾಟ ಪದ್ಧತಿಗಳನ್ನು ಬದಲಿಸಲು ಒಪ್ಪಿತು.

ನಮ್ಮಲ್ಲೂ ಧಾರ್ಮಿಕ ಸಭೆಗಳ, ಟ್ರಸ್ಟುಗಳ, ಸಹಕಾರ ಸಂಘಗಳ ಹಣ ಎಲ್ಲೆಲ್ಲೋ ಹೂಡಿಕೆಯಾಗಿರುತ್ತದೆ. ಬಡ್ಡಿ ಎಷ್ಟೆಂದು ಕೇಳುತ್ತೇವೆ. ಆ ಹಣ ಅಲ್ಲಿ ಏನು ಮಾಡುತ್ತಿದೆಯೆಂದು ಕೇಳಿದ ಸಭೆಯನ್ನು ನಾನಂತೂ ಕಂಡಿಲ್ಲ. ಇದು ಮಾತಿನ ನಡುವೆ ಬಂದ ಮಾತು.

1977ರ ಜುಲೈ 4ರಂದು ಮಿನಿಯಾಪೊಲಿಸ್ ನಗರದಲ್ಲಿ ನೆಸ್ಲೆ ವಸ್ತುಗಳ ಬಹಿಷ್ಕಾರ ಆರಂಭವಾಯಿತು. ಚರ್ಚುಗಳು, ಶಾಲೆಗಳು, ಮಹಿಳಾ ಸಂಘಗಳು ಸೇರಿಕೊಂಡವು. ಮರುವರ್ಷ ಅಮೆರಿಕದ ಸೆನೆಟ್ಟಿನಲ್ಲಿ ವಿಚಾರಣೆ ನಡೆಸಿದವರು ಎಡ್ವರ್ಡ್ ಕೆನೆಡಿ. ಶುದ್ಧ ನೀರು, ಚೊಕ್ಕಟವಾದ ಪರಿಸರ, ಸಾಕಷ್ಟು ಆದಾಯ, ಓದಬಲ್ಲ ತಾಯ್ತಂದೆ ಇವೆಲ್ಲ ಬೇಕಾಗುವ ಒಂದು ವಸ್ತುವನ್ನು ಇವೊಂದೂ ಇಲ್ಲದ ಕಡೆ ಸುರಕ್ಷಿತವಾಗಿ ಬಳಸಲು ಸಾಧ್ಯವೇ ಎಂಬುದು ಅವರು ಎತ್ತಿದ ಪ್ರಶ್ನೆ. ಇದನ್ನು ಓದಿದಾಗ ನನಗೆ ಆ ನರ್ಸಮ್ಮನೇ ನೆನಪಾದರು. ಸೆನೆಟರ್ ಸಾಹೇಬರು ಕೇಳಿದ್ದನ್ನೇ ಅವರು ಮೂರು ಸಣ್ಣ ವಾಕ್ಯಗಳಲ್ಲಿ ಕೇಳಿದ್ದರು.

1981ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಸೇರಿದ ವಿಶ್ವ ಆರೋಗ್ಯ ಸಭೆ ಎದೆಹಾಲಿಗೆ ಬದಲಿಯಾದ ಆಹಾರಗಳ ಮಾರಾಟಕ್ಕೆ ಒಂದು ಅಂತರರಾಷ್ಟ್ರೀಯ ಸಂಹಿತೆಯನ್ನು ಅಂಗೀಕರಿಸಿತು. ಜಾಹೀರಾತು ಬೇಡ, ತಾಯಂದಿರಿಗೆ ಬಿಟ್ಟಿ ಡಬ್ಬಿ ಬೇಡ, ನರ್ಸ್ ವೇಷ ಬೇಡ. ಪರವಾಗಿ 118 ದೇಶಗಳು, ವಿರುದ್ಧವಾಗಿ ಒಂದೇ ಒಂದು, ಅಮೆರಿಕ. ಬಹಿಷ್ಕಾರ 1984ರಲ್ಲಿ ನಿಂತು, ಆಸ್ಪತ್ರೆಗಳಿಗೆ ಪುಕ್ಕಟೆ ಸರಬರಾಜು ನಡೆದೇ ಇದೆಯೆಂಬ ದೂರಿನ ಮೇಲೆ 1988ರಲ್ಲಿ ಮತ್ತೆ ಶುರುವಾಯಿತು.

ಮಾರುವವರಿಲ್ಲದೆಯೂ

ಇಷ್ಟು ಓದಿದವರು ಎಲ್ಲ ತಪ್ಪೂ ಕಂಪನಿಗಳದೇ ಎಂದುಕೊಂಡರೆ ಅರ್ಧ ಪಾಠವಾಯಿತು. ಉಳಿದರ್ಧ ಆಫ್ರಿಕದ ಬೋಟ್ಸ್ವಾನಾದಲ್ಲಿದೆ.

ಎದೆಹಾಲಿನ ಮೂಲಕ ಎಚ್‌ಐವಿ ಸೋಂಕು ಮಗುವಿಗೆ ದಾಟಬಹುದೆಂದು ತಿಳಿದ ಮೇಲೆ ಆ ದೇಶದ ಸರ್ಕಾರ ಸೋಂಕಿತ ತಾಯಂದಿರ ಮಕ್ಕಳಿಗೆ ಹಾಲಿನ ಪುಡಿಯನ್ನು ಉಚಿತವಾಗಿ ಹಂಚಿತು. ಇಲ್ಲಿ ಲಾಭದ ಆಸೆಯಿರಲಿಲ್ಲ, ಸುಳ್ಳು ಪ್ರಚಾರವಿರಲಿಲ್ಲ. ವಿಜ್ಞಾನವೂ ಇತ್ತು, ಕರುಣೆಯೂ ಇತ್ತು. 2005ರ ಕೊನೆಯಿಂದ 2006ರ ಆರಂಭದವರೆಗೆ ವಿಪರೀತ ಮಳೆ ಸುರಿಯಿತು, ನೀರು ಕೆಟ್ಟಿತು, ಭೇದಿ ಹಬ್ಬಿತು. 2006ರ ಮೊದಲ ಮೂರು ತಿಂಗಳಲ್ಲೇ ಐದು ವರ್ಷದೊಳಗಿನ 500ಕ್ಕೂ ಹೆಚ್ಚು ಮಕ್ಕಳು ಸತ್ತರು. ತನಿಖೆಗೆ ಬಂದ ತಜ್ಞರು ನೋಡಿದರೆ, ಆಸ್ಪತ್ರೆ ಸೇರಿದ ಹಸುಗೂಸುಗಳಲ್ಲಿ ಬಹುಪಾಲು ಎದೆಹಾಲು ಕುಡಿಯದವು. ಒಂದು ರೋಗದಿಂದ ಉಳಿಸಲು ಹೋಗಿ ಇನ್ನೊಂದಕ್ಕೆ ಒಪ್ಪಿಸಿದಂತಾಗಿತ್ತು.

ಮುಂದೆ ವಿಜ್ಞಾನವೇ ದಾರಿ ತೋರಿಸಿತು. ತಾಯಿ ಸರಿಯಾಗಿ ಔಷಧಿ ತೆಗೆದುಕೊಳ್ಳುತ್ತಿದ್ದರೆ ಎದೆಹಾಲಿನಿಂದ ಸೋಂಕು ದಾಟುವ ಸಂಭವ ಬಹಳ ಕಡಿಮೆಯಾಗುತ್ತದೆ. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಲಹೆಯನ್ನು ಅದಕ್ಕೆ ತಕ್ಕಂತೆ ತಿದ್ದಿತು. ನಮ್ಮ ನಡುವೆಯೂ ಇಂಥ ತಾಯಂದಿರಿದ್ದಾರೆ. ಅವರು ಅಂಜದೆ ವೈದ್ಯರ ಬಳಿ ಕೇಳಬೇಕು. ಮಗುವಿಗೆ ಹಾಲು ಕೊಡುವ ವಿಷಯದಲ್ಲಿ ನೆರೆಹೊರೆಯವರ ಮಾತು ಕೇಳಿ ನಿರ್ಧರಿಸಬಾರದು.

ಡಬ್ಬಿಯ ಮೇಲೆ ಏನಿದೆ, ಏನಿಲ್ಲ

ನಮ್ಮ ದೇಶದಲ್ಲಿ ಈ ಬಗ್ಗೆ ಬಿಗಿಯಾದ ಕಾನೂನಿದೆ. 1992ರಲ್ಲಿ ಸಂಸತ್ತು ಮಾಡಿದ ಶಿಶು ಹಾಲು ಬದಲಿಗಳ ಕಾಯ್ದೆ 1993ರಲ್ಲಿ ಜಾರಿಗೆ ಬಂತು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಎರಡು ವರ್ಷದವರೆಗಿನ ಮಕ್ಕಳ ಹಾಲಿನ ಪುಡಿ, ಆಹಾರ, ಬಾಟ್ಲಿ ಇವುಗಳ ಜಾಹೀರಾತು ನಿಷಿದ್ಧ. ಬಾಣಂತಿಗೆ ಮಾದರಿ ಡಬ್ಬಿ ಕೊಡುವಂತಿಲ್ಲ, ಉಡುಗೊರೆ ಕೊಡುವಂತಿಲ್ಲ. ಆಸ್ಪತ್ರೆಯಲ್ಲಿ ಪೋಸ್ಟರ್ ಅಂಟಿಸುವಂತಿಲ್ಲ. ಮನೆಯಲ್ಲಿ ಹಾಲಿನ ಪುಡಿಯ ಡಬ್ಬಿಯಿದ್ದರೆ ಒಮ್ಮೆ ತಿರುಗಿಸಿ ನೋಡಿ. ದುಂಡುಮುಖದ ಮಗುವಿನ ಚಿತ್ರ ಅದರ ಮೇಲೆ ಇರಬಾರದು, ತಾಯಿಯ ಚಿತ್ರವೂ ಇರಬಾರದು. ತಾಯಿಯ ಹಾಲೇ ಮಗುವಿಗೆ ಶ್ರೇಷ್ಠವೆಂಬ ಎಚ್ಚರಿಕೆ ದೊಡ್ಡ ಅಕ್ಷರದಲ್ಲಿ ಇರಲೇಬೇಕು. ಬಹಳ ಮಂದಿ ಅದನ್ನೂ ಕಂಪನಿಯ ಒಳ್ಳೆಯತನವೆಂದು ತಿಳಿದಿದ್ದಾರೆ. ಅದು ಕಾನೂನಿನ ಕಟ್ಟಳೆ.

ಆದರೂ ಕಾನೂನು ಹೆರಿಗೆ ವಾರ್ಡಿನ ಬಾಗಿಲವರೆಗೆ ಬರಬಹುದು, ಒಳಗೆ ಮಂಚದ ಪಕ್ಕ ನಿಲ್ಲಲಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ದೇಶದಲ್ಲಿ ಆಸ್ಪತ್ರೆಗಳಲ್ಲಿ ಆಗುವ ಹೆರಿಗೆ ಶೇಕಡಾ 88.6. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು ಕುಡಿದ ಮಕ್ಕಳು ಶೇಕಡಾ 41.8 ಮಾತ್ರ. ಅಂದರೆ ವೈದ್ಯರ, ನರ್ಸುಗಳ ಕಣ್ಣೆದುರೇ ಹುಟ್ಟಿದ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಆ ಮೊದಲ ಗಂಟೆ ತಪ್ಪಿಹೋಗಿದೆ. ಸಿಸೇರಿಯನ್ ಆಗಿದೆ, ತಾಯಿಗೆ ಮಂಪರು, ವಾರ್ಡಿನಲ್ಲಿ ಜನ ಕಡಿಮೆ ಎಂದು ಕಾರಣಗಳು ಹಲವು. ಇದರಲ್ಲಿ ನಮ್ಮ ಮನೆಯವರ ಪಾಲೂ ಇದೆ. ಮೊದಲು ಬರುವ ಹಳದಿ ಗಿಣ್ಣುಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲಿಸುವ ಅಜ್ಜಿಯರು, ಜೇನುತುಪ್ಪ ನೆಕ್ಕಿಸುವ ಅತ್ತೆಯರು, ಸಕ್ಕರೆ ನೀರು ಬಿಡುವ ದೊಡ್ಡಮ್ಮಂದಿರು ಇನ್ನೂ ಇದ್ದಾರೆ. ಆ ಹಳದಿ ಹಾಲಿನಲ್ಲಿ ರೋಗ ತಡೆಯುವ ಶಕ್ತಿ ತುಂಬಿರುತ್ತದೆ. ಅದು ಮಗುವಿನ ಮೊದಲ ಲಸಿಕೆಯಿದ್ದಂತೆ. ಎದೆಹಾಲಿನಲ್ಲಿ ಶೇಕಡಾ 87ರಷ್ಟು ನೀರೇ ಇರುವುದರಿಂದ ಆರು ತಿಂಗಳ ತನಕ ಬೇಸಗೆಯಲ್ಲೂ ಬೇರೆ ನೀರು ಬೇಡ.

ಒಂದು ಸಂತೋಷದ ಅಂಕಿಯೂ ಇದೆ. ಆರು ತಿಂಗಳವರೆಗೆ ಬರಿಯ ಎದೆಹಾಲನ್ನೇ ಕುಡಿಯುವ ಮಕ್ಕಳು 2015-16ರ ಸಮೀಕ್ಷೆಯಲ್ಲಿ ಶೇಕಡಾ 54.9 ಇದ್ದದ್ದು ಈ ಸಮೀಕ್ಷೆಯಲ್ಲಿ 63.7ಕ್ಕೆ ಏರಿದೆ. ಅಂಗನವಾಡಿಯವರು, ಆಶಾ ಕಾರ್ಯಕರ್ತೆಯರು ಮನೆಮನೆ ಸುತ್ತಿದ ಫಲ ಇದರಲ್ಲಿ ಖಂಡಿತ ಇದೆ.

ತಾಯಿಯನ್ನು ದೂರುವ ಮುನ್ನ

ಇಂಥ ಲೇಖನ ಓದಿ ಯಾವ ತಾಯಿಯೂ ಕಣ್ಣೀರು ಹಾಕಬಾರದು. ತಾಯಿ ತೀರಿಕೊಂಡ ಮಗು, ಅವಧಿಗೆ ಮೊದಲೇ ಹುಟ್ಟಿದ ಮಗು, ತಾಯಿ ಕೆಲವು ಕಠಿಣ ಔಷಧಿಗಳಲ್ಲಿರುವ ಮಗು, ಇವರಿಗೆ ವೈದ್ಯರು ಡಬ್ಬಿಯ ಹಾಲು ಬರೆದುಕೊಡುವುದುಂಟು. ಆಗ ಅದು ಔಷಧಿಯೇ. ಅಳತೆ ತಪ್ಪಬಾರದು. ಪುಡಿಯಲ್ಲೂ ರೋಗಾಣುಗಳಿರಬಹುದಾದ್ದರಿಂದ ಕುದಿಸಿದ ನೀರು ಇನ್ನೂ ಚೆನ್ನಾಗಿ ಬಿಸಿಯಿರುವಾಗಲೇ, 70 ಡಿಗ್ರಿಗೆ ಇಳಿಯುವ ಮೊದಲೇ, ಪುಡಿ ಬೆರೆಸಿ, ಅನಂತರ ಉಗುರುಬೆಚ್ಚಗಾಗಿಸಿ ಕುಡಿಸಬೇಕು. ಮಿಕ್ಕಿದ್ದನ್ನು ಎರಡು ಗಂಟೆಗೂ ಮೇಲೆ ಇಡದೆ ಚೆಲ್ಲಬೇಕು. ಬಾಟ್ಲಿಗಿಂತ ನಮ್ಮ ಅಜ್ಜಿಯರ ಒಳಲೆಯೇ ಮೇಲು. ಅದನ್ನು ತಿಕ್ಕಿ ತೊಳೆದು ಕುದಿನೀರಿನಲ್ಲಿ ಅದ್ದುವುದು ಸುಲಭ, ನಿಪ್ಪಲ್ಲಿನ ಮೂಲೆಯಲ್ಲಿ ಕೊಳೆ ಕೂರುವ ಭಯವಿಲ್ಲ.

ಉಳಿದ ತಾಯಂದಿರಿಗೆ ಹಾಲು ಸಾಲದಾಗುವುದು ಹೆಚ್ಚಾಗಿ ಮೈಯ ಕೊರತೆಯಿಂದಲ್ಲ, ಹೊತ್ತಿನ ಕೊರತೆಯಿಂದ. 2017ರಲ್ಲಿ ಕಾನೂನು ತಿದ್ದಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದಾಗ ನಾವೆಲ್ಲ ಮೆಚ್ಚಿದೆವು. ಕಚೇರಿ, ಬ್ಯಾಂಕು, ಶಾಲೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಅದು ದೊಡ್ಡ ಅನುಕೂಲವೇ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ದಿನಗೂಲಿಯವಳಿಗೆ, ಮನೆಗೆಲಸದವಳಿಗೆ, ಇಟ್ಟಿಗೆ ಹೊರುವವಳಿಗೆ ಆ 26 ವಾರ ಕಾಗದದ ಮೇಲೆ ಮಾತ್ರ. 1995ರ ಮೇ ತಿಂಗಳಲ್ಲಿ ರೋಮಿನಲ್ಲಿ ಎದೆಹಾಲಿನ ವಿಷಯವಾಗಿ ಸೇರಿದ್ದ ವಿಜ್ಞಾನಿಗಳನ್ನು ಉದ್ದೇಶಿಸಿ ಮಾತನಾಡಿದ ಪೋಪ್ ಎರಡನೇ ಜಾನ್ ಪೌಲರು ಇದನ್ನೇ ಎತ್ತಿ ಹೇಳಿದ್ದರು: ತಾಯಂದಿರಿಗೆ ಸಮಯವೂ ತಿಳಿವಳಿಕೆಯೂ ಬೆಂಬಲವೂ ಬೇಕು, ಸಮಾಜ ಅವನ್ನು ಒದಗಿಸಬೇಕು. ಪೋಪ್ ಫ್ರಾನ್ಸಿಸರು 2014ರ ಜನವರಿಯಲ್ಲಿ ಸಿಸ್ಟೀನ್ ಚಾಪೆಲ್ಲಿನಲ್ಲಿ ಮಕ್ಕಳಿಗೆ ದೀಕ್ಷಾಸ್ನಾನ ಕೊಡುವಾಗ, ಮಗು ಹಸಿದಿದ್ದರೆ ಸಂಕೋಚಪಡದೆ ಅಲ್ಲೇ ಹಾಲೂಡಿಸಿ ಎಂದು ತಾಯಂದಿರಿಗೆ ಹೇಳಿದರು. ನಮ್ಮ ದೇವಾಲಯಗಳಲ್ಲಿ ಮಗು ಅತ್ತರೆ ತಾಯಿ ಎದ್ದು ಹೊರಗೆ ಹೋಗಿ ಬಿಸಿಲಿನಲ್ಲಿ ಗೋಡೆಗೆ ಮುಖಮಾಡಿ ನಿಲ್ಲುತ್ತಾಳೆ. ಕೆಲವೊಮ್ಮೆ ಹಾಗೆ ಎದ್ದು ಹೋಗುವಂತೆ ಕಣ್ಣಿನಲ್ಲೇ ಸೂಚಿಸಿದವನು ಪೀಠದ ಬಳಿ ನಿಂತ ನಾನೇ.

ಈಗ ನಾನಿರುವ ಧರ್ಮಕೇಂದ್ರದಲ್ಲಿಯೂ ತೋಟಗಳಿವೆ, ಲೈನ್ ಮನೆಗಳಿವೆ. ಬಡವರ ಪೆಟ್ಟಿಗೆಯ ಹಣ ಹಂಚುವ ಸಮಿತಿಯಲ್ಲಿ ಹಿಂದಿನ ವರ್ಷ ಈ ಮಾತು ಬಂತು. ವೈದ್ಯರ ಚೀಟಿಯಿಲ್ಲದೆ ಹಾಲಿನ ಡಬ್ಬಿಗೆ ಹಣ ಕೊಡುವುದು ಬೇಡ, ಬದಲಿಗೆ ಹಸುಗೂಸಿರುವ ಕೂಲಿಯ ತಾಯಿಗೆ ಕೊಯ್ಲಿನ ಕಾಲದಲ್ಲಿ ಕೆಲವು ವಾರದ ಕೂಲಿಯನ್ನೇ ಕೊಟ್ಟು ಮನೆಯಲ್ಲಿ ಉಳಿಸೋಣ ಎಂದು ಸಮಿತಿಯ ಹೆಂಗಸರು ಹಟ ಹಿಡಿದರು. ಡಬ್ಬಿಗಳ ಖರ್ಚಿಗಿಂತ ಹೆಚ್ಚಾಗುವುದೆಂದು ಖಜಾಂಚಿಯವರು ಲೆಕ್ಕ ತೋರಿಸಿದರು. ಆಸ್ಪತ್ರೆಯ ಖರ್ಚನ್ನೂ ಸೇರಿಸಿ ನೋಡಿ ಎಂದು ಒಬ್ಬಾಕೆ ಹೇಳಿದ ಮೇಲೆ ಸುಮ್ಮನಾದರು. ಈ ವರ್ಷ ಇಬ್ಬರು ತಾಯಂದಿರಿಗೆ ಹಾಗೆ ಕೊಟ್ಟಿದ್ದೇವೆ. ಅದಕ್ಕಿಂತ ಹೆಚ್ಚಿಗೆ ಪೆಟ್ಟಿಗೆಯಲ್ಲಿ ಹಣವಿರಲಿಲ್ಲ.

ಮೂರನೆಯ ತಾಯಿ ಕೆಲಸಕ್ಕೆ ಹೋಗುತ್ತಿದ್ದಾಳೆ. ಬೆಳಿಗ್ಗೆ ಹಾಲು ಹಿಂಡಿ ಕುದಿನೀರಿನಲ್ಲಿ ತೊಳೆದ ಸ್ಟೀಲ್ ಬಟ್ಟಲಿನಲ್ಲಿ ಮುಚ್ಚಿಟ್ಟು ಹೋದರೆ ತಂಪಾದ ಜಾಗದಲ್ಲಿ ನಾಲ್ಕು ಗಂಟೆ ಕೆಡುವುದಿಲ್ಲವೆಂದು ಉಪಕೇಂದ್ರದ ನರ್ಸ್ ಹೇಳಿಕೊಟ್ಟಿದ್ದಾರೆ. ಅಜ್ಜಿ ಅದನ್ನು ಒಳಲೆಯಲ್ಲಿ ಕುಡಿಸುತ್ತಾರೆ. ಉಳಿದಂತೆ ದಿನಕ್ಕೆ ಎರಡು ಸಲ ಅಜ್ಜಿ ಮಗುವನ್ನು ತೋಟಕ್ಕೇ ಎತ್ತಿಕೊಂಡು ಹೋದರೆ ಹಾಲೂಡಿಸಲು ಅರ್ಧರ್ಧ ಗಂಟೆ ಬಿಡುವು ಕೊಡಿ, ಕೂಲಿ ಕಡಿಯಬೇಡಿ ಎಂದು ತೋಟದ ಮ್ಯಾನೇಜರನ್ನು ಕೇಳಿದೆ. ಸಜ್ಜನ ಮನುಷ್ಯ, ಒಂದು ಸಲಕ್ಕೆ ಒಪ್ಪಿದ್ದಾರೆ. ಎರಡನೆಯದನ್ನು ಕೇಳಲು ಬರುವ ಸೋಮವಾರ ಸಮಿತಿಯ ಹೆಂಗಸರೊಡನೆ ಮತ್ತೆ ಹೋಗಬೇಕಾಗಿದೆ.